ಮೂಗು ಕಟ್ಟುವವಳು

“ತಾಯಿ ಯಾರು ಅಂತ ಒಂಟೇನೇ ಹೇಳ್ಲಿ ಬಿಡಿ. ನಾವ್ಯಾಕೆ ಗಂಟಲು ಹರ್ಕೋಬೇಕು?” ಎಂದ ಮೋಲು ಅಜ್ಜ, ತಂಬಾಕಿನ ಉಂಡೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡಿಕೊಳ್ಳುತ್ತ.

ಮೋಲು ಅಜ್ಜ ನಮ್ಮ ಹಟ್ಟಿಯ ಯಜಮಾನ. ಅವನು ಹಾಗೆಂದ ಮೇಲೆ ಬಾವಿಯ ಸುತ್ತ ಕೂಗಾಡುತ್ತಿದ್ದವರೆಲ್ಲ ಸುಮ್ಮನಾದರು. ಅಂದು ಕಲಾಚದ ಬಾವಿಯಲ್ಲಿ ನೀರು ಕುಡಿಸುವ ಸರದಿ ನಮ್ಮದು. ಹುರಿ ಬೆಟ್ಟದ ಕಡೆಯ ಹಟ್ಟಿಯವರೂ ತಮ್ಮ ಒಂಟೆಗಳನ್ನು ಹೊಡೆದುಕೊಂಡು ಬಂದು ಪಕ್ಕದಲ್ಲೇ ಕಾಯುತ್ತಿದ್ದರು. ಆ ಗುಂಪಿನಿಂದ ಗುಮಾತೊ ಎಂಬ ಹೆಂಗಸು ಓಡಿಬಂದು, ನಮ್ಮ ಎಲೇಮನ ಕೆಂಪು ಒಂಟೆಯ ಹಿಂದೆ ನಿಂತಿದ್ದ ಮರಿಯ ಕುತ್ತಿಗೆಯನ್ನು ತಬ್ಬಿಕೊಂಡುಬಿಟ್ಟಿದ್ದಳು. ಧೂಳುಗಾಳಿ ಎದ್ದ ದಿನ ಇದೇ ಬಾವಿಯ ಹತ್ತಿರ ಕಳೆದುಹೋದ ತನ್ನ ಮರಿ ಇದು ಎಂಬುದು ಅವಳ ವಾದ. ತನ್ನ ಕೆಂಪು ಒಂಟೆ ಹೆತ್ತ ಮರಿ ಅವಳದು ಹೇಗಾದೀತು ಎಂಬುದು ಎಲೇಮನದು.

“ಹುಟ್ಟಿದಾಗ ಇದಕ್ಕೆ ಉಸಿರೇ ಇರ್ಲಿಲ್ಲ ಕಣಯ್ಯಾ,” ಎಂದಳು ಗುಮಾತೊ. “ಮೂಗಿಗೆ ಬಾಯಿ ಇಟ್ಟು ಲೋಳೆ ಹೀರಿ ಉಗಿದೋಳು ನಾನು. ಆಮೇಲೆ ಸೀನ್ತು, ಬದುಕ್ತು. ನನಗೆ ಈ ಮೂಗು ಗೊತ್ತಾಗಲ್ವಾ?”

“ಹಾಗಾದ್ರೆ ಇಲ್ಲಿರೋ ಮರಿಗಳ ಮೂಗನ್ನೆಲ್ಲ ಒಂದೊಂದ್ಸಲ ಹೀರಿ ನೋಡು ತಾಯಿ, ಇನ್ನೂ ನಾಲ್ಕು ನಿಂದೇ ಆಗಬಹುದು,” ಎಂದ ಎಲೇಮ. ನಮ್ಮ ಕಡೆಯ ಹುಡುಗರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ ಎಂದೇ ನೆನಪು. ಎಲೇಮ ಮಾತಿನ ಮಲ್ಲ, ಅವನು ಬಾಯಿ ತೆರೆದರೆ ನಗದೇ ಇರುವುದು ಕಷ್ಟ.

ಒಂಟೆಯ ಮೈಮೇಲೆ ಕಾಸಿದ ಕಬ್ಬಿಣದ ಗುರುತು ಹಾಕುವುದು ಅದು ಸ್ವಲ್ಪ ಬಲಿತ ಮೇಲೆ. ಅಲ್ಲಿಯವರೆಗೆ ಮರಿ ಯಾರದೆಂಬ ಜಗಳ ಎದ್ದರೆ ನಮ್ಮಲ್ಲಿ ಆಣೆ ಇಡಿಸುವುದಿಲ್ಲ, ಸಾಕ್ಷಿ ಕೇಳುವುದಿಲ್ಲ. ಮರಿಯನ್ನು ನಡುವೆ ಕಟ್ಟಿ ಎರಡೂ ಕಡೆಯ ತಾಯೊಂಟೆಗಳನ್ನು ಒಂದಾದ ಮೇಲೊಂದರಂತೆ ತರುತ್ತಾರೆ. ಹಸುವಿನ ಹಾಗೆ ಒಂಟೆ ತನ್ನ ಮರಿಯನ್ನು ನೆಕ್ಕುವುದಿಲ್ಲ. ಹೆತ್ತ ಗಳಿಗೆಯಿಂದ ಮೂಸುತ್ತದೆ, ಅಷ್ಟೇ. ಮರಿ ಮೊಲೆಗೆ ಬಾಯಿ ಹಾಕಿದಾಗಲೆಲ್ಲ ಕುತ್ತಿಗೆ ಬಾಗಿಸಿ ಅದರ ಬಾಲದ ಬುಡ ಮೂಸಿ, ತನ್ನದೇ ಎಂದು ಖಾತ್ರಿಯಾದರೆ ಮಾತ್ರ ಸೊರೆ ಬಿಡುತ್ತದೆ, ಕೆಚ್ಚಲಿಗೆ ಹಾಲಿಳಿಸುತ್ತದೆ. ಇಲ್ಲವಾದರೆ ಎದೆಗೇ ಒದೆ. ಯಾವ ಒಂಟೆ ಸೊರೆ ಬಿಡುತ್ತದೋ ಅದೇ ತಾಯಿ. ಮೋಲು ಅಜ್ಜ ಕೋಲನ್ನು ನೆಲಕ್ಕೆ ಊರಿದನೆಂದರೆ ನ್ಯಾಯ ಮುಗಿಯಿತು, ಆಮೇಲೆ ಅದರ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ.

“ಮನುಷ್ಯರಿಗೂ ಹೀಗೇ ಪರೀಕ್ಷೆ ಇದ್ದಿದ್ರೆ ಎಷ್ಟು ಗಂಡಸರು ಹಟ್ಟಿ ಬಿಟ್ಟು ಓಡ್ಬೇಕಾಗಿತ್ತೋ!” ಎಂದಳು ನೀರು ಸೇದುತ್ತಿದ್ದ ಮುದುಕಿಯೊಬ್ಬಳು.

“ನಮ್ಮ ಮೂಗಿಗೆಲ್ಲಿದೆ ಆ ಶಕ್ತಿ?” ಎಂದ ಮೋಲು ಅಜ್ಜ. “ನನ್ನ ಮೂಗು ಬರೀ ಸುರಿಯೋಕಿದೆ. ಒಂಟೆ ನೋಡು, ಎಲ್ಲೋ ಬೆಟ್ಟದಾಚೆ ಮಳೆ ಬಿದ್ರೆ ಇಲ್ಲಿ ತಲೆ ಎತ್ತುತ್ತೆ. ಮರಳು ಬೀಸಿದ್ರೆ ಹೊಳ್ಳೆನ ಬಾಗಿಲು ಹಾಕ್ದಂಗೆ ಹಾಕ್ಕೊಳ್ಳುತ್ತೆ. ಬಿಟ್ಟ ಉಸಿರಿನ ತೇವಾನೂ ಒಳಗೇ ಹಿಡಿದಿಟ್ಟು ಕುಡಿಯುತ್ತೆ, ಅಂಥ ಜಿಪುಣ ಮೂಗು. ಅದು ತಪ್ಪು ಹೇಳುತ್ತಾ? ನಡೀರಿ, ಕಟ್ಟಿ ಮರೀನ.”

ಎಲ್ಲರೂ ಅತ್ತ ಹೊರಟರು. ನನ್ನ ಪಕ್ಕದಲ್ಲಿದ್ದ ತಲಾಸೊ ಮಾತ್ರ ಕದಲಲಿಲ್ಲ. ನನ್ನ ತೋಳನ್ನು ಹಿಡಿದ ಅವಳ ಬೆರಳುಗಳು ಮಾಂಸಕ್ಕೆ ಇಳಿಯುತ್ತಿದ್ದವು.

ತಲಾಸೊ ಎಲೇಮನ ಅಕ್ಕ. ನನ್ನ ಗುಡಿಸಲಿಗೂ ಅವಳ ಗುಡಿಸಲಿಗೂ ನಡುವೆ ಒಂದು ಮುಳ್ಳುಬೇಲಿ ಅಷ್ಟೇ. ಅವಳು ಉಪ್ಪು ಕೇಳಿದರೆ ನಾನು ಕೂತಲ್ಲಿಂದಲೇ ಕೊಡುತ್ತಿದ್ದೆ. ತಾಯಿ ಸತ್ತಾಗ ಎಲೇಮ ಇನ್ನೂ ತೆವಳುವ ಕೂಸು. ಅವನನ್ನು ಬೆನ್ನಿಗೆ ಕಟ್ಟಿಕೊಂಡು, ಮನೆಮನೆಯ ಹಾಲು ಬೇಡಿ ಬೆಳೆಸಿದವಳು ಅವಳು. ಅವನ ಮದುವೆಯಾಗುವವರೆಗೆ ತಾನೂ ಆಗಲಿಲ್ಲ. ಅವನು ಏನು ಕಿತಾಪತಿ ಮಾಡಿ ಬಂದರೂ “ಹುಡುಗಬುದ್ಧಿ” ಎನ್ನುತ್ತಿದ್ದಳು, ಅವನ ಗಡ್ಡ ನರೆಯಲು ಶುರುವಾದ ಮೇಲೂ.

ನಮ್ಮ ಸೀಮೆಯಲ್ಲೆಲ್ಲ ತಲಾಸೊಗೆ ಒಂದು ಹೆಸರಿತ್ತು. ಮರಿ ಸತ್ತ ಒಂಟೆಯನ್ನು ಬೇರೆ ಮರಿಗೆ ಒಲಿಸುವುದರಲ್ಲಿ ಅವಳ ಕೈ ಎತ್ತಿದ ಕೈ. ಮರಿ ಇಲ್ಲದಿದ್ದರೆ ಒಂಟೆ ಬತ್ತುತ್ತದೆ, ಒಂಟೆ ಬತ್ತಿದರೆ ಮನೆಯವರು ಚಹಾಕ್ಕೂ ಗತಿಯಿಲ್ಲದವರಾಗುತ್ತಾರೆ. ಹಾಗಾದಾಗ ಇವಳಿಗೆ ಕರೆ ಬರುತ್ತಿತ್ತು. ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಯ ಬೆನ್ನಿಗೆ ಅಂಗಿಯ ಹಾಗೆ ಹೊಲಿಯುವಳು. ಒಂಟೆಯ ಹೊಳ್ಳೆಗಳಿಗೆ ಮೆತ್ತನೆಯ ನಾರು ತುರುಕಿ, ಮೇಲೆ ದಾರ ಬಿಗಿಯುವಳು. ಮೂಗಿಲ್ಲದ ಒಂಟೆ ಕುರುಡಿಯ ಹಾಗೆ. ಯಾರು ಮೊಲೆಗೆ ಬಂದರೂ ತಳ್ಳಲಾರದೆ ನಿಲ್ಲುತ್ತದೆ. ಇವಳು ಅದರ ಕಿವಿಯ ಹತ್ತಿರ ನಿಂತು ಹಾಡುವಳು. ದಿನ ಕಳೆದಂತೆ ದಾರ ಸಡಿಲಿಸುವಳು, ಚರ್ಮವನ್ನು ಚೂರುಚೂರೇ ಕತ್ತರಿಸಿ ಕಿರಿದು ಮಾಡುವಳು. ಅಷ್ಟರಲ್ಲಿ ಒಂಟೆಯ ಹಾಲೇ ಮರಿಯ ಹೊಟ್ಟೆಗಿಳಿದು, ಮೈಗೂ ಲದ್ದಿಗೂ ತನ್ನ ವಾಸನೆ ಕೊಟ್ಟಿರುತ್ತದೆ. ಕೊನೆಗೆ ಚರ್ಮವೇ ಇಲ್ಲದಾದಾಗ ಒಂಟೆ ಬಾಲದ ಬುಡ ಮೂಸುತ್ತದೆ, ತನ್ನದೇ ವಾಸನೆ ತನಗೆ ಸಿಗುತ್ತದೆ.

ಅದು ಮೋಸವಲ್ಲವೇ ಎಂದು ಒಮ್ಮೆ ಕೇಳಿದ್ದೆ. “ತಬ್ಬಲಿಗೊಂದು ತಾಯಿ, ತಾಯಿಗೊಂದು ಮರಿ. ಇಬ್ರಿಗೂ ಬೇಕಾದ್ದೇ ಕೊಡ್ತಿದೀನಲ್ಲೇ,” ಎಂದಿದ್ದಳು. “ಯಾರ್ದಾದ್ರೂ ಕಿತ್ಕೊಂಡು ಕೊಟ್ರೆ ಮೋಸ.”

ಈಗ ಅವಳ ಮುಖ ಬೂದಿ ಬಳಿದ ಹಾಗಿತ್ತು.

“ಏನಾಯ್ತೇ?” ಎಂದೆ.

“ಆ ಮರೀನ ಕೆಂಪು ಒಂಟೆ ಹೆತ್ತದ್ದಲ್ಲ,” ಎಂದಳು ತುಟಿ ಅಲುಗಿಸದೆ. “ನಾನು ಫೋರಾಕ್ಕೆ ಹೋಗಿದ್ನಲ್ಲ, ಅದಕ್ಕೇ ಹೋಗಿದ್ದು.”

ಫೋರಾ ಎಂದರೆ ಬೇಸಗೆಯಲ್ಲಿ ಮೇವು ಹುಡುಕಿಕೊಂಡು ಗಂಡಸರು ದೂರದಲ್ಲಿ ಹೂಡುವ ಬೀಡು. ಈ ಸಲ ಎಲೇಮ ಅಲ್ಲಿ ಒಬ್ಬನೇ ಇದ್ದ, ಕೆಂಪು ಒಂಟೆ ಹೆತ್ತದ್ದೂ ಅಲ್ಲೇ. ಕೆಂಪು ಒಂಟೆ ಅವನ ಸ್ವಂತದ್ದಲ್ಲ. ಮೋಲು ಅಜ್ಜ ಹಾಲು ಕುಡಿದುಕೊಂಡಿರು ಎಂದು ಕೊಟ್ಟದ್ದು. ಅದರ ಹೊಟ್ಟೆಯಲ್ಲಿ ಹೆಣ್ಣುಮರಿ ಹುಟ್ಟಿದರೆ ಅದು ಅಜ್ಜನಿಗೇ ಸೇರಬೇಕು. ಹಾಗೆ ಪಡೆದ ಒಂಟೆಯ ಮರಿಯನ್ನು ಅಜಾಗರೂಕತೆಯಿಂದ ಸಾಯಿಸಿದವನಿಗೆ ಇನ್ನೊಮ್ಮೆ ಯಾರೂ ಒಂಟೆ ಕೊಡುವುದಿಲ್ಲ. ಕೊಟ್ಟದ್ದನ್ನೂ ವಾಪಸು ಹೊಡೆದುಕೊಂಡು ಹೋಗುತ್ತಾರೆ.

“ಮರಿ ಜ್ವರ ಬಂದು ಸತ್ತುಹೋಯ್ತು ಅಕ್ಕಾ ಅಂದ,” ತಲಾಸೊ ಹೇಳುತ್ತಿದ್ದಳು. “ಅಜ್ಜನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ, ಮೊದಲು ಒಂಟೆ ಹಾಲು ಉಳಿಸ್ಕೊಡು ಅಂದ. ಇನ್ನೊಂದು ಮರಿ ತಂದಿದ್ದ. ತಾಯಿ ಬೆಟ್ಟದ ಬಂಡೆ ಮೇಲಿಂದ ಬಿದ್ದು ಸತ್ತಿದೆ, ಅವರೇ ಸಾಕ್ಕೋ ಅಂತ ಕೊಟ್ರು ಅಂದ. ನಾನು ನಂಬಿದೆ. ಬೇರೆ ಯಾರೇ ಆಗಿದ್ರೂ ಯಾವ ಹಟ್ಟಿ, ಯಾರ ಒಂಟೆ, ತಾಯಿ ಹೆಣ ಎಲ್ಲಿ ಅಂತ ಕೇಳ್ತಿದ್ದೆ ಕಣೇ. ಕೇಳದೆ ಒಂದು ದಾರ ಕಟ್ಟಿದೋಳಲ್ಲ ನಾನು. ಇವನನ್ನ ಕೇಳ್ಲಿಲ್ಲ.”

“ಕೆಲಸ ಮುಗಿದ ಮೇಲೆ ಏನಂದ?”

“‘ಅಕ್ಕಾ, ಆ ಚರ್ಮ ಸುಟ್ಟುಬಿಡು’ ಅಂದ. ಪ್ರೀತಿಯಿಂದ್ಲೇ ಅಂದ. ಯಾಕೆ ಅಂತ ಹೊಳೀಲೇ ಇಲ್ಲ.”

ಅಷ್ಟರಲ್ಲಿ ಗುಮಾತೊಳ ಬಿಳಿ ಒಂಟೆಯನ್ನು ಮರಿಯ ಬಳಿಗೆ ತಂದರು.

ಗುಮಾತೊ ಅದರ ಕುತ್ತಿಗೆ ಸವರುತ್ತ ಏನೇನೋ ಪಿಸುಗುಡುತ್ತಿದ್ದಳು. ಒಂಟೆ ಮೂತಿ ಇಳಿಸಿತು. ಸೀಳುತುಟಿ ನಡುಗಿತು, ಹೊಳ್ಳೆ ಅಗಲವಾಯಿತು. ಬಾಲದ ಬುಡ ಮೂಸಿತು. ಇನ್ನೊಮ್ಮೆ ಮೂಸಿತು. ಒಂಟೆ ಜೋರಾಗಿ ಉಸಿರು ಹೊರಹಾಕಿ, ತಲೆ ಎತ್ತಿ ಬೇರೆ ಕಡೆ ನೋಡಿತು. ಮರಿ ಕೆಚ್ಚಲಿನ ಹತ್ತಿರ ಬಂದಾಗ ಹಿಂಗಾಲು ಝಾಡಿಸಿತು.

“ಇಲ್ಲ ಇಲ್ಲ, ಸರಿಯಾಗಿ ಮೂಸು, ನೋಡು, ನಿನ್ನದೇ ಕಂದ,” ಎಂದು ಗುಮಾತೊ ಅದರ ತಲೆಯನ್ನು ಕೆಳಗೆ ಜಗ್ಗಿದಳು. ಅದು ಗುರುಗುಟ್ಟಿ ಬಿಡಿಸಿಕೊಂಡಿತು.

ಕೆಂಪು ಒಂಟೆಯನ್ನು ತಂದರು. ಅದು ಬರುವಾಗಲೇ ಗಂಟಲಲ್ಲಿ ಸಣ್ಣಗೆ ಗೊಣಗುತ್ತ ಬಂತು. ಮರಿಯೂ ಹಗ್ಗ ಜಗ್ಗಿತು. ಒಂಟೆ ಒಂದೇ ಸಲ ಮೂಸಿ ಕಾಲು ಅಗಲಿಸಿ ನಿಂತಿತು. ನೋಡುನೋಡುತ್ತಿದ್ದಂತೆ ಮೊಲೆಗಳು ಉಬ್ಬಿದವು, ಮರಿಯ ಬಾಯಿಯ ಮೂಲೆಯಲ್ಲಿ ನೊರೆ ಕಂಡಿತು.

“ಇನ್ನೇನು ಬೇಕು?” ಎಂದ ಎಲೇಮ. ತಿರುಗಿ ನಮ್ಮ ಕಡೆ ನೋಡಿದ. ಅಕ್ಕನನ್ನು ನೋಡಿ ಸಣ್ಣಗೆ, ಯಾರಿಗೂ ಕಾಣದಂತೆ, ಕಣ್ಣು ಮಿಟುಕಿಸಿದ.

ಆ ಮಿಟುಕನ್ನು ನಾನೂ ಕಂಡೆ. ಚಿಕ್ಕಂದಿನಲ್ಲಿ ಯಾರದೋ ಬೆಣ್ಣೆ ಕದ್ದು ತಿಂದು ಅಕ್ಕನ ಬೆನ್ನ ಹಿಂದೆ ಅಡಗಿದಾಗ ಹೀಗೇ ಮಿಟುಕಿಸುತ್ತಿದ್ದ ಎಂದು ಅವಳೇ ನಗುತ್ತ ಹೇಳಿದ್ದುಂಟು. ಈಗ ಅವಳು ನಗಲಿಲ್ಲ.

ಗುಮಾತೊ ನೆಲದ ಮೇಲೆ ಕೂತುಬಿಟ್ಟಳು. “ಅಜ್ಜಾ, ಮನೇಲಿ ಹಾಲು ಕೊಡೋದು ಈ ಬಿಳೀದೊಂದೇ,” ಎಂದಳು. “ಮರಿ ಇಲ್ಲದೆ ದಿನದಿಂದ ದಿನಕ್ಕೆ ಬತ್ತಾ ಇದೆ. ಸೊಸೆ ಬಾಣಂತಿ, ಅವಳ ಎದೇಲೂ ಹಾಲಿಲ್ಲ. ಮಗೂಗೆ ನೀರು ಕುಡಿಸ್ತಿದೀನಿ.”

“ನಾನೇನು ಮಾಡ್ಲಿ ತಾಯಿ? ನಿನ್ನ ಒಂಟೇನೇ ಒಪ್ಪಲ್ಲ ಅಂತಿದೆ,” ಎಂದ ಮೋಲು ಅಜ್ಜ. ಅವನಿಗೂ ಮನಸ್ಸಿಗೆ ಹಿತವಿರಲಿಲ್ಲ. ಆದರೂ ಕೋಲೆತ್ತಿದ.

“ಊರಬೇಡಿ ಅಜ್ಜಾ,” ಎಂದಳು ತಲಾಸೊ.

ನನ್ನ ತೋಳಿನಿಂದ ಅವಳ ಕೈ ಯಾವಾಗ ಬಿಟ್ಟಿತೋ ತಿಳಿಯಲಿಲ್ಲ. ನೋಡಿದರೆ ನಡುವೆ ಹೋಗಿ ನಿಂತಿದ್ದಳು. “ಕೆಂಪು ಒಂಟೆ ಮೂಗು ಕಟ್ಟಿದೋಳು ನಾನು. ಅದು ಹೆತ್ತ ಮರಿ ಫೋರಾದಲ್ಲಿ ಸತ್ತುಹೋಗಿದೆ. ಇದಕ್ಕೆ ಅದರ ಚರ್ಮ ಹೊದಿಸಿದೋಳೂ ನಾನೇ.”

ಬಾವಿಯೊಳಗೆ ಇಳಿದು ನಿಂತು ನೀರು ಎತ್ತಿಕೊಡುತ್ತಿದ್ದವರೂ ತಲೆ ಹೊರಗೆ ಹಾಕಿದರು.

ಎಲೇಮ ಕೂಗಾಡಲಿಲ್ಲ. ಬೇಸರವಾದವನ ಹಾಗೆ ತಲೆ ಅಲ್ಲಾಡಿಸಿದ. “ಅಕ್ಕನಿಗೆ ನನ್ನ ಮೇಲೆ ಮುನಿಸು ಅಜ್ಜಾ. ಹೋದ ತಿಂಗಳು ಅವಳ ಮಗನಿಗೆ ಆಡು ಕೊಡ್ಲಿಲ್ಲ ಅಂತ. ಇರ್ಲಿ ಬಿಡಿ, ದೊಡ್ಡೋಳು.” ಆಮೇಲೆ ಅವಳತ್ತ ತಿರುಗಿ, ತೀರಾ ಮೃದುವಾಗಿ, “ಹೇಳು ಅಕ್ಕಾ, ಇನ್ನೂ ಏನೇನು ಕಟ್ಟಿದೀಯ? ಇಲ್ಲಿ ಸೇರಿರೋರ ಮೂಗೆಲ್ಲ ಬಿಟ್ಟಿದೀಯೋ ಇಲ್ವೋ?” ಎಂದ.

ಈ ಸಲವೂ ಕೆಲವರು ನಕ್ಕರು. ನಾನು ನಗಲಿಲ್ಲ. ತಲಾಸೊಳ ಕತ್ತಿನ ನರ ಎದ್ದು ನಿಂತದ್ದು ನನಗೆ ಕಾಣುತ್ತಿತ್ತು. ಮುನಿಸಂತೆ! ಆಡು ಕೇಳಲು ಹೋದ ಮಗನನ್ನು ಬೈದು ವಾಪಸು ಕರೆಸಿದವಳೇ ಅವಳು, ತಮ್ಮನಿಗೆ ಕಷ್ಟವಿದೆ ಎಂದು.

“ತಲಾಸೊ,” ಎಂದ ಮೋಲು ಅಜ್ಜ, “ನೀನು ಮೂಗು ಕಟ್ಟಬಲ್ಲೆ ಅಂತ ಊರಿಗೇ ಗೊತ್ತು. ಆದರೆ ಇದನ್ನ ಕಟ್ಟಿದ್ದೆ ಅಂತ ನಾನು ಹೇಗೆ ನಂಬ್ಲಿ? ನೀನು ಹೇಳಿದ್ದು ನಿಜ ಆದ್ರೆ ಇನ್ಮೇಲೆ ಯಾವ ಒಂಟೆ ಮೂಗನ್ನೂ ನಂಬೋ ಹಾಗಿಲ್ಲ. ಗೊತ್ತಲ್ಲ?”

“ಗೊತ್ತು ಅಜ್ಜಾ.”

ತಲಾಸೊ ಸೊಂಟದ ಗಂಟು ಬಿಚ್ಚಿ ಒಂದು ಒಣ ಚರ್ಮದ ತುಂಡು ಹೊರತೆಗೆದಳು. ಒಲಿಸಿದ ಒಂಟೆ ಮೊದಲ ಸಲ ಜನದ ನಡುವೆ ಬಂದಾಗ, ನೂರು ಮೈಗಳ ವಾಸನೆ ತಗುಲಿ ಗಾಬರಿಯಾಗಿ ಮರಿಯನ್ನು ಒದೆಯುವುದುಂಟು. ಆಗ ಮೂಸಿಸಿ ಸಮಾಧಾನಪಡಿಸಲೆಂದೇ ಅವಳು ಸತ್ತ ಮರಿಯ ಬಾಲದ ಬುಡದ ಅಂಗೈಯಗಲ ಚರ್ಮವನ್ನು ಇಟ್ಟುಕೊಂಡಿರುತ್ತಿದ್ದಳು. ಸುಟ್ಟುಬಿಡು ಎಂದು ತಮ್ಮ ಹೇಳಿದ್ದನ್ನು ಅವಳು ಕೇಳದೇ ಇದ್ದದ್ದು ಅವನದೇ ಒಂಟೆಯ ಒಳಿತಿಗಾಗಿ. ಚರ್ಮ ಕಂಡದ್ದೇ ಎಲೇಮ ಕಣ್ಣು ಕೆಳಗಿಳಿಸಿದ.

ಅವಳು ಅದನ್ನು ಕೆಂಪು ಒಂಟೆಯಿಂದ ಸ್ವಲ್ಪ ದೂರ, ಗಾಳಿ ಬರುವ ದಿಕ್ಕಿಗೆ, ಮರಳಿನ ಮೇಲಿಟ್ಟು ಹಿಂದೆ ಸರಿದಳು.

ಮೊದಲು ಏನೂ ಆಗಲಿಲ್ಲ. ಮರಿ ಚಪ್ಪರಿಸುತ್ತ ಕುಡಿಯುತ್ತಲೇ ಇತ್ತು. ಆಮೇಲೆ ಒಂಟೆಯ ತಲೆ ಮೇಲೆದ್ದಿತು. ಹೊಳ್ಳೆಗಳು ಮುಚ್ಚಿದವು, ತೆರೆದವು. ಮರಿಯ ಬಾಯಿಂದ ಮೊಲೆ ಜಾರಿಸಿಕೊಂಡು ಅದು ನಡೆದುಹೋಯಿತು. ಚರ್ಮದ ಮೇಲೆ ಮೂತಿ ಇಟ್ಟಿತು. ಈಗಷ್ಟೇ ಹೆತ್ತ ಒಂಟೆ ಮಾಡುವ ಒಂದು ಸದ್ದಿದೆ, ಎದೆಯ ತಳದಿಂದ ಬರುವಂಥದು. ಆ ಸದ್ದು ಮಾಡಿತು. ಹಿಂದೆ ಮರಿ ಕೂಗಿತು. ಒಂಟೆ ತಿರುಗಿ ಮರಿಯ ಹತ್ತಿರ ಬಂದು ಮೂಸಿತು. ಮತ್ತೆ ಚರ್ಮದ ಹತ್ತಿರ ಹೋಯಿತು. ಎರಡರ ನಡುವೆ ಎತ್ತ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಿತು.

“ತಾನು ಹೆತ್ತದ್ದಲ್ಲದಿದ್ರೆ ಆ ಒಣ ಚರ್ಮದ ಹತ್ರ ಇದಕ್ಕೇನು ಕೆಲಸ?” ಎಂದ ಮೋಲು ಅಜ್ಜ, ತನಗೆ ತಾನೇ ಹೇಳಿಕೊಂಡಂತೆ. “ಎಲೇಮಾ, ಸತ್ತದ್ದು ಹೆಣ್ಣೋ ಗಂಡೋ?”

ಎಲೇಮ ಮರಳು ನೋಡುತ್ತಿದ್ದ.

“ಹೆಣ್ಣು ಅಜ್ಜಾ, ನಿಮ್ಮದು,” ಎಂದಳು ತಲಾಸೊ. “ಜ್ವರ ಅಂದ. ಅದೂ ನಿಜವೋ ಸುಳ್ಳೋ ನನಗೀಗ ಗೊತ್ತಿಲ್ಲ.”

ಅಜ್ಜ ಕೋಲನ್ನು ನೆಲಕ್ಕೆ ಊರಿದ. ಮರಿ ಗುಮಾತೊಳದು. ಕೆಂಪು ಒಂಟೆ ಸಂಜೆಯೊಳಗೆ ಅಜ್ಜನ ದೊಡ್ಡಿಗೆ ವಾಪಸು. ಎಲೇಮನ ಕಳ್ಳತನಕ್ಕೆ ಏನು ಶಿಕ್ಷೆಯೆಂದು ಹಿರಿಯರು ಕೂತು ಮಾತಾಡುವುದು. ಇಷ್ಟು ಹೇಳಿ ಅವನು ಎದ್ದು ಹೋದ. ಹೋಗುವಾಗ ತಲಾಸೊಳನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಅವಳ ಬಳಿಯಿಂದ ದಾಟುವಾಗ ಮಾತ್ರ, ಇದುವರೆಗೆ ಯಾವತ್ತೂ ಮಾಡದ ಹಾಗೆ, ಸ್ವಲ್ಪ ಸುತ್ತಿ ಹೋದ.

ಗುಮಾತೊ ಮರಿಗೆ ಹಗ್ಗ ಹಾಕಿದಳು. ಅದು ಅವಳ ಹಿಂದೆ ಬರಲೊಲ್ಲದು. ಬಿಳಿ ಒಂಟೆಯೂ ಅದನ್ನು ಹತ್ತಿರ ಸೇರಿಸಲೊಲ್ಲದು.

“ನಾನು ನಿಮ್ಮ ಹಟ್ಟಿಗೆ ಬರ್ತೀನಿ ಗುಮಾತೊ,” ಎಂದಳು ತಲಾಸೊ. “ಬಿಳೀದು ಮತ್ತೆ ಒಲಿಯೋವರೆಗೂ ಇರ್ತೀನಿ.”

“ನೀನಾ?” ಗುಮಾತೊ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನನ್ನ ಮರಿಗೆ ಹೆಣದ ಚರ್ಮ ಹೊದಿಸಿದ ಕೈನ ನನ್ನ ಒಂಟೆ ಮೂಗಿಗೆ ಹಾಕಿಸ್ಕೊಳ್ಲಾ?”

“ನನಗೆ ಗೊತ್ತಿರ್ಲಿಲ್ಲ.”

“ಒಡಹುಟ್ಟಿದ ಅಕ್ಕನಿಗೇ ಗೊತ್ತಿರ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?”

ಗುಮಾತೊ ಹಗ್ಗವನ್ನು ಮತ್ತೆ ಜಗ್ಗಿದಳು. ಮರಿ ಕೂಗುತ್ತಲೇ ಇತ್ತು. “ನಾಳೆ ಬಾ,” ಎಂದಳು ಕೊನೆಗೆ, ಮುಖ ತಿರುಗಿಸಿಕೊಂಡು. “ಬೇರೆ ಯಾರಿಗೂ ಈ ಕೆಲಸ ಬರಲ್ಲ ಅಂತ ಕರೀತಿದೀನಿ. ನನ್ನ ಮನೇಲಿ ಹಾಲು ಚಹಾ ಅಂತ ಏನೂ ನಿರೀಕ್ಷೆ ಇಟ್ಕೋಬೇಡ.”

ಅವರು ಹೊರಟರು. ಎಳೆದುಕೊಂಡು ಹೋಗುತ್ತಿದ್ದ ಮರಿಯ ಕೂಗು ಬಯಲಿನಲ್ಲಿ ಬಹಳ ಹೊತ್ತು ಕೇಳಿಸಿತು.

ನಾವಿಬ್ಬರೂ ನೀರಿನ ಡಬ್ಬಗಳನ್ನು ಕತ್ತೆಗೆ ಏರಿಸುತ್ತಿದ್ದಾಗ ಎಲೇಮ ಬಂದ. ಕೆಂಪು ಒಂಟೆಯ ಹಗ್ಗ ಅವನ ಕೈಯಲ್ಲಿತ್ತು. ಈಗ ಅವನ ದನಿಯಲ್ಲಿ ತಮಾಷೆಯಿರಲಿಲ್ಲ.

“ನಾಲ್ಕು ಜನರ ಮುಂದೆ ತಮ್ಮನ ಮೂಗು ಕೊಯ್ದೆಯಲ್ಲ ಅಕ್ಕಾ. ಯಾರೋ ಬೆಟ್ಟದ ಹೆಂಗಸಿಗೋಸ್ಕರ.”

ತಲಾಸೊ ಕತ್ತೆಯ ಹೊಟ್ಟೆಪಟ್ಟಿ ಬಿಗಿಯುತ್ತಲೇ ಇದ್ದಳು. “ಕದ್ದು ತಂದೆ, ಅಕ್ಕಾ ಕಾಪಾಡು ಅಂದಿದ್ರೆ,” ಎಂದಳು, “ಬೈದು ಹೊಡೆದು, ರಾತ್ರೋರಾತ್ರಿ ಮರೀನ ಹೊತ್ಕೊಂಡು ಹೋಗಿ ಅವಳ ಬೇಲಿ ಹತ್ರ ಬಿಟ್ಟು ಬರ್ತಿದ್ದೆ ಕಣೋ. ಒಂದು ನರಪಿಳ್ಳೆಗೂ ಹೇಳ್ತಿರ್ಲಿಲ್ಲ.”

“ಅದಕ್ಕೇ ಹೇಳ್ಲಿಲ್ಲ. ನನಗೆ ಬೇಕಾಗಿದ್ದು ನೀನಲ್ಲ,” ಎಂದ ಎಲೇಮ. “ನಿನ್ನ ಕೈ.”

ಇಷ್ಟನ್ನು ಅವನು ಸಿಟ್ಟಿನಲ್ಲಿ ಅಂದನೋ, ನಿಜವಾಗಿ ಅಂದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂದವನಿಗೂ ಒಂದು ಕ್ಷಣ ಮುಖ ಪೆಚ್ಚಾಯಿತು. ತಲಾಸೊ ಪಟ್ಟಿ ಬಿಗಿಯುವುದನ್ನು ನಿಲ್ಲಿಸಿ, ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು.

“ಹೋಗು,” ಎಂದಳು. “ಅಜ್ಜ ಕಾಯ್ತಿರ್ತಾನೆ.”

ಎಲೇಮ ಹಗ್ಗ ಜಗ್ಗಿದ. ಕೆಂಪು ಒಂಟೆ ಹೊರಡಲಿಲ್ಲ. ಕುತ್ತಿಗೆಯನ್ನು ಉದ್ದಕ್ಕೆ ಚಾಚಿ, ಸತ್ತ ಮರಿಯ ಚರ್ಮ ಹಿಡಿದಿದ್ದ ತಲಾಸೊಳ ಅಂಗೈಗೆ ಮೂತಿ ಒತ್ತಿತು, ಬೆರಳಿನ ಸಂದುಸಂದು ಮೂಸಿತು, ಮಣಿಕಟ್ಟಿನವರೆಗೂ ಮೂಸಿತು. ಅವಳು ಕೈ ಹಿಂದೆ ಎಳೆದುಕೊಳ್ಳಲಿಲ್ಲ. ಒಂಟೆ ಗಂಟಲಲ್ಲಿ ಗೊಣಗುತ್ತ ಕಾಲು ಅಗಲಿಸಿ ನಿಂತಿತು. ನೋಡುನೋಡುತ್ತಿದ್ದಂತೆ ಕೆಚ್ಚಲು ತುಂಬಿ ಮೊಲೆಗಳು ಉಬ್ಬಿದವು. ನಮ್ಮ ಮೂವರಲ್ಲಿ ಯಾರೊಬ್ಬರೂ ಪಾತ್ರೆಗೆ ಕೈ ಹಾಕಲಿಲ್ಲ.